ಮಕ್ಕಳ ತೊಡೆಮೂಳೆ ಮುರಿತ: ಬಳ್ಳಾರಿ ಸೀಮೆಯ ಕಾರಣಗಳು

ಮನುಷ್ಯನ ದೇಹದ ಮೂಳೆಗಳಲ್ಲೆಲ್ಲ ಅತಿ ಉದ್ದವೂ ಅತಿ ಗಟ್ಟಿಯೂ ಆದದ್ದು ತೊಡೆಮೂಳೆ. ಸೊಂಟದ ಕೀಲಿನಿಂದ ಮೊಣಕಾಲಿನವರೆಗೆ ಚಾಚಿಕೊಂಡಿರುವ, ಬೆಳೆದ ವ್ಯಕ್ತಿಯ ಎತ್ತರದ ಸುಮಾರು ಕಾಲುಭಾಗದಷ್ಟು ಉದ್ದವಿರುವ ಈ ಮೂಳೆ ದಪ್ಪ ಸ್ನಾಯುಗಳ ನಡುವೆ ಭದ್ರವಾಗಿ ಕುಳಿತಿರುತ್ತದೆ. ಇಂಥ ಮೂಳೆ ಒಂದು ಮಗುವಿನಲ್ಲಿ ಮುರಿದಿದೆಯೆಂದರೆ ಅದರ ಮೇಲೆ ಬಹಳ ದೊಡ್ಡ ಬಲ ಎರಗಿರಬೇಕು, ಇಲ್ಲವೇ ಮೂಳೆಯ ಒಳಗೇ ಏನೋ ಕೊರತೆ ಇರಬೇಕು, ಅದೂ ಅಲ್ಲವಾದರೆ ನಡೆಯಲು ಈಗಷ್ಟೇ ಕಲಿತ ಕೂಸಿನ ತೆಳ್ಳನೆಯ ಮೂಳೆ ಬೀಳುವಾಗ ತಿರುಚಿಕೊಂಡಿರಬೇಕು. ಆದ್ದರಿಂದಲೇ ಮೂಳೆಯನ್ನು ಹೇಗೆ ಕೂಡಿಸಬೇಕೆಂಬ ಪ್ರಶ್ನೆಯಷ್ಟೇ, ಅದು ಹೇಗೆ ಮುರಿಯಿತೆಂಬ ಪ್ರಶ್ನೆಯೂ ವೈದ್ಯರಿಗೆ ಮುಖ್ಯವಾಗುತ್ತದೆ. ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಒಂದೇ ಜಿಲ್ಲೆಯ ಊರುಗಳಾದರೂ ಒಂದು ಕಡೆ ಮಕ್ಕಳು ವಾಹನಗಳ ನಡುವೆ, ಇನ್ನೊಂದು ಕಡೆ ಭತ್ತದ ಗದ್ದೆ ಮತ್ತು ಟ್ರ್ಯಾಕ್ಟರುಗಳ ನಡುವೆ, ಮತ್ತೊಂದು ಕಡೆ ಗುಡ್ಡ, ಮಾಳಿಗೆ, ಮೆಣಸಿನಕಾಯಿ ಹೊಲಗಳ ನಡುವೆ ಬೆಳೆಯುತ್ತಾರೆ. ಹೀಗಾಗಿ ಆ ಪ್ರಶ್ನೆಗೆ ಈ ಸೀಮೆ ಕೊಡುವ ಉತ್ತರಗಳೂ ಒಂದೇ ಬಗೆಯವಲ್ಲ.

ಮಕ್ಕಳಲ್ಲಿ ಆಗುವ ಎಲ್ಲ ಮೂಳೆಮುರಿತಗಳನ್ನು ಒಟ್ಟಿಗೆ ಲೆಕ್ಕ ಹಾಕಿದರೆ ತೊಡೆಮೂಳೆಯ ನಡುದಂಡ, ಅಂದರೆ ಎರಡು ತುದಿಗಳ ನಡುವಿನ ಉದ್ದನೆಯ ಭಾಗ, ಮುರಿಯುವ ಪ್ರಮಾಣ ಶೇ. 2ಕ್ಕಿಂತ ಕಡಿಮೆ. ಕೈಮೂಳೆಗಳ ಮುರಿತಕ್ಕೆ ಹೋಲಿಸಿದರೆ ಇದು ಅಪರೂಪವೇ ಸರಿ, ಆದರೆ ಮಗುವನ್ನು ಆಸ್ಪತ್ರೆಯಲ್ಲಿ ಮಲಗಿಸಬೇಕಾದ ಮುರಿತಗಳ ಸಾಲಿನಲ್ಲಿ ಇದಕ್ಕೆ ಮೊದಲ ಸ್ಥಾನಗಳಲ್ಲೊಂದು. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಎರಡರಿಂದ ಮೂರು ಪಟ್ಟು ಹೆಚ್ಚು. ವಯಸ್ಸಿನ ಲೆಕ್ಕ ತೆಗೆದರೆ ಎರಡು ಶಿಖರಗಳು ಕಾಣುತ್ತವೆ: ಎರಡು-ಮೂರು ವರ್ಷದ ಆಸುಪಾಸಿನಲ್ಲಿ ಒಂದು, ಹದಿಹರೆಯದಲ್ಲಿ ಇನ್ನೊಂದು. ಮೊದಲ ಶಿಖರದಲ್ಲಿ ಮನೆಯೊಳಗಿನ ಬೀಳುವಿಕೆಯದೇ ದೊಡ್ಡ ಪಾಲು, ಎರಡನೆಯದರಲ್ಲಿ ವಾಹನಗಳದು. ಇವೆರಡರ ನಡುವಿನ ಆರರಿಂದ ಒಂಬತ್ತು ವರ್ಷದ ಮಕ್ಕಳು, ಅಂದರೆ ಒಬ್ಬಂಟಿಯಾಗಿ ಅಂಗಡಿಗೂ ಶಾಲೆಗೂ ಹೋಗಲು ಶುರುಮಾಡಿದವರು, ರಸ್ತೆ ದಾಟುವಾಗ ಪೆಟ್ಟು ತಿನ್ನುವುದು ಜಗತ್ತಿನ ಬಹುತೇಕ ದೇಶಗಳಲ್ಲಿ ಕಂಡುಬಂದಿರುವ ಸಂಗತಿ.

ಮಗುವಿನ ಮೂಳೆ ದೊಡ್ಡವರ ಮೂಳೆಯ ಸಣ್ಣ ಪ್ರತಿಯಲ್ಲ. ಅದರ ಸುತ್ತ ಇರುವ ಹೊರಪೊರೆ ದಪ್ಪವಾಗಿಯೂ ರಕ್ತಸಮೃದ್ಧವಾಗಿಯೂ ಇದ್ದು, ಮೂಳೆ ಮುರಿದಾಗಲೂ ಎಷ್ಟೋ ಸಲ ಒಂದು ಬದಿಯಲ್ಲಿ ಹರಿಯದೆ ಉಳಿಯುತ್ತದೆ. ಹಸಿ ಬೇವಿನ ಕಡ್ಡಿಯನ್ನು ಬಾಗಿಸಿದಾಗ ಒಂದು ಕಡೆ ಸೀಳಿ ಇನ್ನೊಂದು ಕಡೆ ಸಿಪ್ಪೆ ಹಿಡಿದುಕೊಂಡೇ ಇರುವಂತೆ, ಎಳೆಯ ಮೂಳೆ ಪೂರ್ತಿ ತುಂಡಾಗದೆ ಬಾಗಿ ನಿಲ್ಲುವುದೂ ಉಂಟು. ಮೂಳೆಯ ಎರಡೂ ತುದಿಗಳ ಹತ್ತಿರ ಬೆಳವಣಿಗೆಯ ಪದರಗಳೆಂಬ ಮೃದ್ವಸ್ಥಿಯ ತೆಳು ಫಲಕಗಳಿರುತ್ತವೆ. ಇಲ್ಲಿ ಹೊಸ ಜೀವಕೋಶಗಳು ಹುಟ್ಟಿ ಸಾಲುಗಟ್ಟಿ ಗಟ್ಟಿಯಾಗುವುದರಿಂದಲೇ ಮಗು ಎತ್ತರವಾಗುತ್ತದೆ. ತೊಡೆಮೂಳೆಯ ಉದ್ದದ ಬೆಳವಣಿಗೆಯಲ್ಲಿ ಸುಮಾರು ಶೇ. 70 ಭಾಗ ನಡೆಯುವುದು ಮೊಣಕಾಲಿನ ಬಳಿ ಇರುವ ಕೆಳಗಿನ ಪದರದಲ್ಲಿ, ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಂತೆ. ನಡುದಂಡದ ಮುರಿತವೊಂದು ಕೆಲವು ವಾರಗಳ ನೋವಾಗಿ ಮುಗಿದುಹೋದರೆ, ಈ ಕೆಳಪದರಕ್ಕೆ ತಗುಲಿದ ಪೆಟ್ಟು ಮಗುವಿನ ನಡಿಗೆಯನ್ನು ಜೀವನಪೂರ್ತಿ ಬದಲಿಸಬಲ್ಲದು.

ಇನ್ನೂ ನಡೆಯದ ಹಸುಗೂಸಿನ ತೊಡೆ ಮುರಿದಿದ್ದರೆ ವೈದ್ಯರು ಅತಿ ಎಚ್ಚರದಿಂದ ನೋಡುತ್ತಾರೆ. ಕಾಲು ಮುಂದಾಗಿ ಹುಟ್ಟುವ ಕಷ್ಟದ ಹೆರಿಗೆಗಳಲ್ಲಿ, ಕೆಲವೊಮ್ಮೆ ಸಿಸೇರಿಯನ್‌ನಲ್ಲಿಯೂ, ಮಗುವನ್ನು ಹೊರಗೆ ಎಳೆಯುವಾಗ ತೊಡೆಮೂಳೆ ಮುರಿಯುವುದುಂಟು. ಇಂಥ ಮುರಿತ ಎರಡು-ಮೂರು ವಾರಗಳಲ್ಲೇ ಕೂಡಿಕೊಳ್ಳುತ್ತದೆ. ಅದನ್ನು ಬಿಟ್ಟರೆ, ಮಗುಚಿಕೊಳ್ಳಲೂ ಬಾರದ ಕೂಸಿಗೆ ತನ್ನ ತೊಡೆಯನ್ನು ತಾನೇ ಮುರಿದುಕೊಳ್ಳುವ ಶಕ್ತಿ ಇರುವುದಿಲ್ಲ. ಮೂರು ವರ್ಷದೊಳಗಿನ ಮಗುವಿನಲ್ಲಿ ತೊಡೆಯ ನಡುದಂಡ ಮುರಿದಿದ್ದರೆ ಮಗುವಿನ ಮೇಲೆ ಹಿಂಸೆ ನಡೆದಿರಬಹುದೇ ಎಂದು ಪರಿಶೀಲಿಸಲೇಬೇಕೆಂದು ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿ 2009ರ ಮಾರ್ಗಸೂಚಿಯಲ್ಲಿ ಹೇಳಿತು. ಮನೆಯವರು ಹೇಳುವ ಕಥೆಗೂ ಮುರಿತದ ರೂಪಕ್ಕೂ ಹೊಂದಿಕೆಯಾಗದಿದ್ದರೆ, ಆಸ್ಪತ್ರೆಗೆ ಬರಲು ಕಾರಣವಿಲ್ಲದೆ ದಿನಗಟ್ಟಲೆ ತಡವಾಗಿದ್ದರೆ, ಎಕ್ಸ್‌ರೇಯಲ್ಲಿ ಬೇರೆಬೇರೆ ಕಾಲದ ಹಳೆಯ ಮುರಿತಗಳು ಕಂಡರೆ ಸಂಶಯ ಬಲವಾಗುತ್ತದೆ.

ಇದನ್ನು ಹೇಳುವಾಗ ಇನ್ನೊಂದು ಮಾತನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಕೂಲಿಗೆ ಹೋದ ತಾಯಿ ಹಸುಗೂಸನ್ನು ಏಳೆಂಟು ವರ್ಷದ ಅಕ್ಕನ ಕಂಕುಳಲ್ಲಿ ಬಿಟ್ಟುಹೋಗುವ ಮನೆಗಳು ಈ ಸೀಮೆಯಲ್ಲಿ ಕಡಿಮೆಯಿಲ್ಲ, ಮತ್ತು ಎತ್ತಿಕೊಂಡ ಅಕ್ಕ ಮೆಟ್ಟಿಲಲ್ಲಿ ಎಡವಿ ಕೂಸಿನ ಸಮೇತ ಬಿದ್ದರೆ ಕೂಸಿನ ತೊಡೆ ಮುರಿಯುವುದು ಸಾಧ್ಯ. ಪ್ರತಿಯೊಂದು ಮುರಿತದ ಹಿಂದೆಯೂ ಅಪರಾಧಿಯನ್ನು ಹುಡುಕುವುದು ಬಡ ತಾಯಿಯ ಮೇಲೆ ಅನ್ಯಾಯ ಮಾಡಿದಂತೆ. ಪ್ರಶ್ನೆಯನ್ನೇ ಕೇಳದಿರುವುದು ಮಾತು ಬಾರದ ಮಗುವಿಗೆ ಮಾಡುವ ಅದಕ್ಕಿಂತ ದೊಡ್ಡ ಅನ್ಯಾಯ, ಏಕೆಂದರೆ ಹಿಂಸೆಗೆ ಒಳಗಾದ ಮಗು ಅದೇ ಮನೆಗೆ ಮರಳಿದರೆ ಮುಂದಿನ ಪೆಟ್ಟು ತಲೆಗೆ ಬೀಳಬಹುದು. ಮಕ್ಕಳ ಮೇಲಿನ ಕ್ರೌರ್ಯ ಬಾಲನ್ಯಾಯ ಕಾಯ್ದೆ 2015ರ 75ನೇ ಕಲಮಿನಡಿ ಶಿಕ್ಷಾರ್ಹ ಅಪರಾಧ. ಅಕ್ಕಪಕ್ಕದವರಿಗೂ ಅಂಗನವಾಡಿ ಕಾರ್ಯಕರ್ತೆಗೂ ಇಂಥ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ನಡೆಯಲು ಕಲಿತ ಒಂದೂವರೆ-ಎರಡು ವರ್ಷದ ಮಗುವಿನ ವಿಷಯ ಬೇರೆ. ಓಡುತ್ತಾ ಬಂದು ಕಾಲು ಸಿಕ್ಕಿಕೊಂಡು ಮೈ ತಿರುಗಿ ಬಿದ್ದಾಗ ಮೂಳೆಯ ಸುತ್ತ ಸುರುಳಿಯಾಗಿ ಸೀಳು ಹಬ್ಬುತ್ತದೆ. ಸುರುಳಿ ಮುರಿತವೆಂದು ಕರೆಯುವ ಇದು ಈ ವಯಸ್ಸಿನಲ್ಲಿ ಸಾಧಾರಣ ಬೀಳುವಿಕೆಯಿಂದಲೂ ಆಗಬಲ್ಲದು. ಇದಕ್ಕೆ ಪ್ರತಿಯಾಗಿ, ನೇರವಾಗಿ ಬಂದು ಬಡಿದ ಪೆಟ್ಟಿನಿಂದ ಮೂಳೆ ಅಡ್ಡಲಾಗಿ ತುಂಡಾಗುತ್ತದೆ, ವಾಹನದ ರಭಸ ಹೆಚ್ಚಿದ್ದರೆ ಚೂರುಚೂರಾಗುತ್ತದೆ.

ಸಣ್ಣ ಪೆಟ್ಟಿಗೇ ತೊಡೆ ಮುರಿದಾಗ ಮೂಳೆಯ ಆರೋಗ್ಯವನ್ನೇ ಶಂಕಿಸಬೇಕಾಗುತ್ತದೆ. ಡಿ ಜೀವಸತ್ವ ಅಥವಾ ಸುಣ್ಣದಂಶ ಸಾಲದೆ ಬೆಳೆಯುವ ಮೂಳೆ ಮೆತ್ತಗಾಗಿ ಬಾಗುವ ರೋಗಕ್ಕೆ ರಿಕೆಟ್ಸ್ ಎಂದು ಹೆಸರು. ವರ್ಷದ ಬಹುಭಾಗ ಬಿಸಿಲು ಸುರಿಯುವ ಬಳ್ಳಾರಿಯಲ್ಲಿ ಡಿ ಜೀವಸತ್ವದ ಕೊರತೆ ಹೇಗೆ ಬಂತೆಂದು ಓದುಗರಿಗೆ ಅಚ್ಚರಿಯಾಗಬಹುದು. ಬಿಸಿಲಿಗೆ ಹೆದರಿ ಕೂಸನ್ನು ದಿನವಿಡೀ ಮನೆಯೊಳಗೇ ಇಡುವುದು, ತಾಯಿಯಲ್ಲೇ ಆ ಕೊರತೆ ಇರುವುದು ಅದಕ್ಕೆ ದಾರಿಯಾಗುತ್ತವೆ. ಆಹಾರದ ಸಂಗತಿಯೂ ಇದೆ. ಈ ಭಾಗದ ಮುಖ್ಯ ಆಹಾರವಾದ ಜೋಳದಲ್ಲಿಯೂ ಅಕ್ಕಿಯಲ್ಲಿಯೂ ಸುಣ್ಣದಂಶ ಬಹಳ ಕಡಿಮೆ. ರಾಗಿಯಲ್ಲಾದರೋ 100 ಗ್ರಾಂಗೆ 300 ಮಿಲಿಗ್ರಾಂ ಮೀರಿ ಇರುತ್ತದೆ, ಆದರೆ ದಕ್ಷಿಣದ ಜಿಲ್ಲೆಗಳಂತೆ ಇಲ್ಲಿ ರಾಗಿ ನಿತ್ಯದ ಊಟವಲ್ಲ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಸರ್ಕಾರಿ ಶಾಲೆ ಮತ್ತು ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುವ ಹಾಲು ಮೂಳೆಯ ದೃಷ್ಟಿಯಿಂದ ಹಸಿವು ತಣಿಸುವುದಕ್ಕಿಂತ ದೊಡ್ಡ ಕೆಲಸವನ್ನೇ ಮಾಡುತ್ತದೆ.

ನೀರಿನದು ಇದಕ್ಕೆ ಹೊಂದಿಕೊಂಡ ಇನ್ನೊಂದು ಚಿಂತೆ. ಬಳ್ಳಾರಿ ಸೀಮೆಯ ಗ್ರಾನೈಟ್ ಬಂಡೆಗಳ ನಡುವಿನಿಂದ ಎತ್ತುವ ಕೊಳವೆಬಾವಿಯ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಅಂಶ, ಕುಡಿಯುವ ನೀರಿಗೆ ಗರಿಷ್ಠ ಮಿತಿಯೆಂದು ಹೇಳಿರುವ ಲೀಟರಿಗೆ 1.5 ಮಿಲಿಗ್ರಾಮನ್ನು ದಾಟಿರುವುದು ಹಳೆಯ ಸಂಗತಿ. ವರ್ಷಗಟ್ಟಲೆ ಇಂಥ ನೀರು ಕುಡಿದವರಲ್ಲಿ ಮೊದಲು ಹಲ್ಲಿನ ಮೇಲೆ ಕಂದು ಕಲೆ, ಮುಂದೆ ಮೂಳೆಯ ವಿಕಾರ ಕಾಣಿಸಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಅಂಥ ಮೂಳೆ ದಟ್ಟವಾಗಿ ಕಂಡರೂ ತಾಳಿಕೆಯಲ್ಲಿ ಬಡವಾಗಿರುತ್ತದೆ, ಮತ್ತು ಆಹಾರದಲ್ಲಿ ಸುಣ್ಣದಂಶ ಕಡಿಮೆಯಿರುವ ಮಕ್ಕಳಲ್ಲಿ ಇದರ ಕಾಟ ಹೆಚ್ಚು. ಹುಟ್ಟಿನಿಂದಲೇ ಮೂಳೆ ಪೆಡಸಾಗಿದ್ದು ಮತ್ತೆಮತ್ತೆ ಮುರಿಯುವ ಆನುವಂಶಿಕ ರೋಗವೊಂದಿದೆ. ಸುಮಾರು 15,000ದಿಂದ 20,000 ಹುಟ್ಟುಗಳಲ್ಲಿ ಒಂದರಂತೆ ಕಾಣುವ ಈ ರೋಗದಲ್ಲಿ ಎಷ್ಟೋ ಮಕ್ಕಳ ಕಣ್ಣಿನ ಬಿಳಿಭಾಗ ನೀಲಿಛಾಯೆಯಲ್ಲಿರುತ್ತದೆ. ಇದರ ಕೆಲವು ತೀವ್ರ ಬಗೆಗಳು ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದಾಗ ಮಾತ್ರ ತಲೆದೋರುವುದರಿಂದ, ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ಕುಟುಂಬಗಳು ಈ ಮಾತನ್ನು ಗಮನಿಸಬೇಕು. ಮೂಳೆಯೊಳಗೆ ನೀರುಗುಳ್ಳೆಯಂತಹ ಪೊಳ್ಳು ಬೆಳೆದು, ಆಟದ ನಡುವೆ ಮುರಿಯುವವರೆಗೂ ಅದರ ಸುಳಿವೇ ಸಿಗದಿರುವುದೂ ಉಂಟು. ಸೆರೆಬ್ರಲ್ ಪಾಲ್ಸಿಯಂತಹ ಕಾರಣದಿಂದ ಹಾಸಿಗೆ ಹಿಡಿದ ಮಕ್ಕಳ ಮೂಳೆಯಂತೂ ಬಟ್ಟೆ ಬದಲಿಸುವಾಗಲೂ ಮುರಿಯುವಷ್ಟು ಸೊರಗಿರಬಹುದು.

ಆದರೆ ಶಾಲೆಗೆ ಹೋಗುವ ವಯಸ್ಸಿನ ಆರೋಗ್ಯವಂತ ಮಗುವಿನ ತೊಡೆಯನ್ನು ಮುರಿಯುವುದು ಬಹುತೇಕ ವಾಹನ ಅಥವಾ ಎತ್ತರ, ಇವೆರಡೇ. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಸಿಂಧನೂರು ದಾಟಿ ಸಿರುಗುಪ್ಪ, ತೆಕ್ಕಲಕೋಟೆಗಳ ಮೂಲಕ ಬಳ್ಳಾರಿಗೆ ಬರುತ್ತದೆ. ಹುಬ್ಬಳ್ಳಿ ಮತ್ತು ಗುತ್ತಿ ಕಡೆಗೆ ಹೋಗುವ ಹೆದ್ದಾರಿ 67 ನಗರವನ್ನು ಅಡ್ಡಲಾಗಿ ಹಾಯುತ್ತದೆ. ಭತ್ತದ ಮೂಟೆಯ ಲಾರಿ, ಅದಿರಿನ ಲಾರಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸರಕು, ಜೀನ್ಸ್ ಘಟಕಗಳ ಬಟ್ಟೆಗಂಟು ಹೊತ್ತ ಆಟೊ, ಇವೆಲ್ಲ ಒಂದೇ ರಸ್ತೆಯಲ್ಲಿ ಶಾಲಾ ಮಕ್ಕಳೊಂದಿಗೆ ಸಾಗುತ್ತವೆ. ಏಳೆಂಟು ವರ್ಷದ ಮಗುವಿಗೆ ಬರುತ್ತಿರುವ ವಾಹನದ ವೇಗವನ್ನೂ ದೂರವನ್ನೂ ಒಟ್ಟಿಗೆ ಅಂದಾಜು ಮಾಡುವ ಸಾಮರ್ಥ್ಯ ಇನ್ನೂ ಬೆಳೆದಿರುವುದಿಲ್ಲ. ಆದ್ದರಿಂದ ಮಗು ನೋಡದೆ ಓಡಿತೆಂದು ದೂರುವುದರಲ್ಲಿ ಅರ್ಥವಿಲ್ಲ.

ಕಾರು ಮಗುವಿಗೆ ಬಡಿದಾಗ ಪೆಟ್ಟು ಬೀಳುವ ಕ್ರಮವೊಂದನ್ನು ವೈದ್ಯರು ಗುರುತಿಸಿದ್ದಾರೆ. ದೊಡ್ಡವರ ಮೊಣಕಾಲಿನ ಕೆಳಗೆ ತಾಗುವ ಬಂಪರು ಮಗುವಿನ ತೊಡೆಗೆ ತಾಗುತ್ತದೆ, ಬಾನೆಟ್ಟಿನ ಅಂಚು ಎದೆಗೋ ಹೊಟ್ಟೆಗೋ ಬಡಿಯುತ್ತದೆ, ಎಸೆಯಲ್ಪಟ್ಟ ಮಗುವಿನ ತಲೆ ನೆಲಕ್ಕೆ ಅಪ್ಪಳಿಸುತ್ತದೆ. ತೊಡೆ, ಹೊಟ್ಟೆ, ತಲೆ ಈ ಮೂರೂ ಗಾಯಗಳ ಕೂಟಕ್ಕೆ ವ್ಯಾಡೆಲ್ ತ್ರಯವೆಂದು ಹೆಸರು. ಇದರಿಂದ ಹೊರಡುವ ಎಚ್ಚರಿಕೆ ಬಹಳ ಮುಖ್ಯವಾದದ್ದು. ಸೊಟ್ಟಗಾದ ತೊಡೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಒಳಗೆ ಹರಿದಿರುವ ಗುಲ್ಮ ಕಾಣುವುದಿಲ್ಲ. ಮಗುವಿನ ದೇಹದಲ್ಲಿ ಕಿಲೋ ತೂಕಕ್ಕೆ ಸುಮಾರು 70ರಿಂದ 80 ಮಿಲಿಲೀಟರ್ ರಕ್ತವಷ್ಟೇ ಇರುತ್ತದೆ. ಚರ್ಮ ಹರಿಯದ ಒಂದೇ ತೊಡೆಮುರಿತ ಸಾಮಾನ್ಯವಾಗಿ ಮಗುವಿನ ರಕ್ತದೊತ್ತಡವನ್ನು ಕುಸಿಯುವಂತೆ ಮಾಡುವುದಿಲ್ಲ. ಮಗು ಬಿಳಿಚಿಕೊಂಡು ತಣ್ಣಗಾಗಿದ್ದರೆ ರಕ್ತ ಬೇರೆಲ್ಲೋ ಸೋರುತ್ತಿದೆಯೆಂದೇ ತಿಳಿಯಬೇಕು.

ದ್ವಿಚಕ್ರ ವಾಹನದ ಮೇಲೆ ಮಕ್ಕಳನ್ನು ಒಯ್ಯುವ ರೀತಿಯೂ ಕಾರಣಗಳ ಪಟ್ಟಿಯಲ್ಲಿ ಸೇರುತ್ತದೆ. ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ಮಗು, ಗಂಡಹೆಂಡಿರ ನಡುವೆ ಇನ್ನೊಂದು, ತಾಯಿಯ ಮಡಿಲಲ್ಲಿ ಮತ್ತೊಂದು ಎಂಬಂತೆ ಒಂದೇ ಬೈಕಿನಲ್ಲಿ ಸಂಸಾರವೆಲ್ಲ ಸಾಗುವುದು ಬಸ್ಸು ಸಿಗದ ಹಳ್ಳಿಗಳಿಗೆ ಅನಿವಾರ್ಯವೆನಿಸಿಬಿಟ್ಟಿದೆ. ಟ್ಯಾಂಕಿನ ಮೇಲೆ ಕಾಲು ಇಳಿಬಿಟ್ಟು ಕುಳಿತ ಮಗುವಿನ ತೊಡೆಗಳಿಗೆ ಎದುರಿನಿಂದ ಬರುವ ಪೆಟ್ಟನ್ನು ತಡೆಯುವ ಯಾವ ಮರೆಯೂ ಇರುವುದಿಲ್ಲ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ಬೈಕಿನಲ್ಲಿ ಒಯ್ಯುವಾಗ ಹೆಲ್ಮೆಟ್ ಹಾಕಬೇಕು, ಸವಾರನ ಮೈಗೆ ಪಟ್ಟಿಯಿಂದ ಕಟ್ಟಿಕೊಳ್ಳಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದೆಂಬ ಕೇಂದ್ರದ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಈ ಸೀಮೆಯ ರಸ್ತೆಗಳಲ್ಲಿ ಅದು ಕಾಣಸಿಗುವುದು ಅಪರೂಪ. ಹದಿಹರೆಯದ ಹುಡುಗರ ಕೈಗೆ ಬೈಕಿನ ಕೀಲಿ ಕೊಡುವ ಪಾಲಕರಿಗೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಮೂರು ವರ್ಷದವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ತೊಡೆಮುರಿತದ ಎರಡನೆಯ ಶಿಖರ ಹುಟ್ಟುವುದೇ ಆ ಕೀಲಿಯಿಂದ.

ಸಿರುಗುಪ್ಪದ ಕಡೆ ಹೋದರೆ ಟ್ರ್ಯಾಕ್ಟರಿನ ಮಾತು ಬರುತ್ತದೆ. ತುಂಗಭದ್ರೆಯ ದಂಡೆಯ ಈ ತಾಲ್ಲೂಕು ಕಾಲುವೆ ನೀರಿನಿಂದ ಭತ್ತದ ಕಣಜವಾಗಿ ಬೆಳೆದದ್ದು; ನಾಟಿಗೆ ಮೊದಲು ಕೆಸರು ಕಲಸುವ ಹಂಗಾಮಿನಲ್ಲಿ, ಕೊಯ್ಲಾಗಿ ಮೂಟೆಗಳು ಅಕ್ಕಿ ಗಿರಣಿಗೆ ಸಾಗುವ ಹಂಗಾಮಿನಲ್ಲಿ ಊರಿನ ಓಣಿಗಳಲ್ಲೆಲ್ಲ ಟ್ರ್ಯಾಕ್ಟರುಗಳು ಓಡಾಡುತ್ತವೆ. ಚಾಲಕನ ಪಕ್ಕದ ಮಡ್‌ಗಾರ್ಡಿನ ಮೇಲೆ ಮಗುವನ್ನು ಕೂರಿಸಿಕೊಳ್ಳುವುದು ಮುದ್ದಿನ ಸಂಗತಿಯೆಂದೇ ಎಲ್ಲರೂ ತಿಳಿದಿದ್ದಾರೆ, ಆದರೆ ಬದುವಿನ ಮೇಲೆ ಗಾಲಿ ಎಗರಿದಾಗ ಆ ಮಗು ಬೀಳುವುದು ನೇರ ಹಿಂಗಾಲಿಯ ಮುಂದೆ. ಕೇಜ್‌ವೀಲ್ ಎಂದು ರೈತರು ಕರೆಯುವ, ಕೆಸರು ಕಲಸಲು ಜೋಡಿಸುವ ಕಬ್ಬಿಣದ ಗಾಲಿಯ ಪಟ್ಟಿಗಳಿಗೆ ಕಾಲು ಸಿಕ್ಕರಂತೂ ಮೂಳೆಯ ಜೊತೆಗೆ ಮಾಂಸವೂ ಹರಿಯುತ್ತದೆ, ಗಾಯದೊಳಗೆ ಗದ್ದೆಯ ಮಣ್ಣು ಗೊಬ್ಬರ ಸೇರುತ್ತದೆ. ಚರ್ಮ ಹರಿದು ಮೂಳೆ ಹೊರಗಿನ ಗಾಳಿಗೆ ತೆರೆದುಕೊಂಡ ಇಂಥ ಮುರಿತಕ್ಕೆ ಟೆಟನಸ್ ಚುಚ್ಚುಮದ್ದು ಮತ್ತು ಸೋಂಕುನಿರೋಧಕ ಔಷಧವನ್ನು ಆದಷ್ಟು ಬೇಗ, ಸಾಧ್ಯವಾದರೆ ಮೊದಲ ಗಂಟೆಯಲ್ಲೇ ಕೊಡಬೇಕು.

ಹತ್ತೊಂಬತ್ತನೆಯ ಶತಮಾನದ ಯುರೋಪು, ಅಮೆರಿಕಗಳಲ್ಲಿ ಓಡುವ ಕುದುರೆಗಾಡಿಯ ಹಿಂದೆ ಜಿಗಿದು ಹತ್ತಲು ಹೋದ ಹುಡುಗರ ಕಾಲು ಗಾಲಿಯ ಅರೆಗಳ ನಡುವೆ ಸಿಕ್ಕಿ, ಮೊಣಕಾಲಿನ ಬಳಿಯ ಬೆಳವಣಿಗೆಯ ಪದರ ಕಿತ್ತುಬರುತ್ತಿತ್ತು. ಮೊಣಕಾಲಿನ ಹಿಂದೆಯೇ ಹಾಯುವ ದೊಡ್ಡ ರಕ್ತನಾಳವೂ ಹರಿದು ಎಷ್ಟೋ ಹುಡುಗರ ಕಾಲನ್ನು ಕತ್ತರಿಸಬೇಕಾಗುತ್ತಿದ್ದುದರಿಂದ ಅದಕ್ಕೆ ಗಾಡಿಗಾಲಿಯ ಗಾಯವೆಂದೇ ಹೆಸರು ನಿಂತಿತು. ಕುದುರೆಗಾಡಿಗಳೊಂದಿಗೆ ಆ ಗಾಯ ಅಲ್ಲಿ ಬಹುಮಟ್ಟಿಗೆ ಮರೆಯಾಯಿತು. ಓಡುವ ಟ್ರೇಲರಿನ ಹಿಂದೆ ಜೋತುಬೀಳುವ ಹುಡುಗರಿರುವ ಈ ಊರುಗಳಲ್ಲಿ ಅದರ ಭಯ ಇನ್ನೂ ಉಳಿದಿದೆ. ಆ ಕೆಳಪದರ ಮುರಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮುಂದೆ ಬೆಳವಣಿಗೆ ಕುಂಠಿತವಾಗಿ ಕಾಲು ಗಿಡ್ಡವಾಗುತ್ತದೆ ಅಥವಾ ಸೊಟ್ಟಗಾಗುತ್ತದೆ.

ಕುರುಗೋಡು ಭಾಗದಲ್ಲಿ ಮೆಣಸಿನಕಾಯಿ, ಹತ್ತಿ ಬಿಡಿಸುವ ದಿನಗಳಲ್ಲಿ ಕೂಲಿಯವರನ್ನು ಸರಕು ಆಟೊಗಳಲ್ಲಿ ನಿಲ್ಲಿಸಿಕೊಂಡು ಹೋಗುವ ರೂಢಿಯಿದೆ, ಮನೆಯಲ್ಲಿ ಬಿಡಲಾಗದ ಮಕ್ಕಳೂ ಅದರಲ್ಲೇ ಇರುತ್ತಾರೆ. ದೊಡ್ಡಬಸವೇಶ್ವರನ ಜಾತ್ರೆಗೆ ಟ್ರೇಲರು ತುಂಬ ಜನ ಹೊರಡುವಾಗಲೂ ಅಷ್ಟೇ. ಸರಕಿನ ವಾಹನದಲ್ಲಿ ಜನರನ್ನು ಒಯ್ಯುವುದು ಕಾನೂನುಬಾಹಿರ, ಆದರೆ ಬೆಳಗಿನ ಹೊತ್ತು ಹೊಲಕ್ಕೆ ಹೋಗುವ ಬಸ್ಸೇ ಇಲ್ಲದಿರುವಾಗ ದಂಡವೊಂದರಿಂದಲೇ ಅದು ನಿಲ್ಲುವುದೆಂದು ನಂಬುವುದು ಕಷ್ಟ. ಎತ್ತರದಿಂದ ಬೀಳುವುದರ ಲೆಕ್ಕದಲ್ಲಿ ಮಾಳಿಗೆಗೆ ದೊಡ್ಡ ಪಾಲು. ಏಪ್ರಿಲ್, ಮೇ ತಿಂಗಳಲ್ಲಿ ತಾಪ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಸಂಸಾರವೆಲ್ಲ ರಾತ್ರಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗುವುದು ತಲೆಮಾರುಗಳ ಅಭ್ಯಾಸ. ಹಳೆಯ ಮಣ್ಣಿನ ಮಾಳಿಗೆಗಳಿಗೆ ಅಡ್ಡಗೋಡೆ ಇರುವುದಿಲ್ಲ, ಹೊಸ ಸಿಮೆಂಟಿನ ಮನೆಗಳಲ್ಲೂ ಹಣ ಸಾಲದೆ ಮೊದಲು ಕೈಬಿಡುವುದು ಅದನ್ನೇ. ನಿದ್ದೆಗಣ್ಣಿನಲ್ಲಿ ಎದ್ದ ಮಗು, ಗಾಳಿಪಟದ ಹಿಂದೆ ಓಡುವ ಹುಡುಗ ಅಂಚಿನಿಂದ ಕೆಳಗೆ ಬಿದ್ದರೆ ಸೊಂಟದ ಕೀಲಿನ ಬಳಿ ತೊಡೆಮೂಳೆಯ ಕತ್ತೇ ಮುರಿಯಬಹುದು. ಮಕ್ಕಳ ಮುರಿತಗಳಲ್ಲಿ ಶೇ. 1ಕ್ಕೂ ಕಡಿಮೆಯಿರುವ ಈ ಮುರಿತದಲ್ಲಿ ಮೂಳೆಯ ತಲೆಗೆ ಹೋಗುವ ಸಣ್ಣ ರಕ್ತನಾಳಗಳು ಕಡಿದು, ತಲೆಯ ಭಾಗ ರಕ್ತವಿಲ್ಲದೆ ಸಾಯುವ ಅಪಾಯವಿರುವುದರಿಂದ ತಡಮಾಡದೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ನಾಗರಪಂಚಮಿಯಲ್ಲಿ ಮರದ ಕೊಂಬೆಗೆ ಕಟ್ಟುವ ಜೋಕಾಲಿ, ಹುಣಸೆಮರ, ಊರ ಗುಡ್ಡದ ಬಂಡೆ ಇವೂ ಇದೇ ಸಾಲಿನವು.

ಮುರಿದ ಗಳಿಗೆಯಲ್ಲಿ ಮಾಡಬೇಕಾದದ್ದು ಸರಳ. ಮಗುವನ್ನು ಕಾಲು ಹಿಡಿದು ಎತ್ತಬಾರದು, ತಿಕ್ಕಬಾರದು, ಸೊಟ್ಟಗಾದದ್ದನ್ನು ಎಳೆದು ನೆಟ್ಟಗೆ ಮಾಡಲು ಹೋಗಬಾರದು. ಕಂಕುಳಿನಿಂದ ಹಿಮ್ಮಡಿಯವರೆಗೆ ಬರುವ ಉದ್ದನೆಯ ಹಲಗೆಯನ್ನು ಬಟ್ಟೆ ಸುತ್ತಿ ಪಕ್ಕಕ್ಕಿಟ್ಟು, ಮೈಗೂ ಎರಡೂ ಕಾಲುಗಳಿಗೂ ಸೇರಿಸಿ ಮೆತ್ತಗೆ ಕಟ್ಟಿದರೆ ನೋವು ಅರ್ಧ ಇಳಿಯುತ್ತದೆ. ಬ್ರಿಟನ್ನಿನ ಹ್ಯೂ ಓವನ್ ಥಾಮಸ್ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ಕಬ್ಬಿಣದ ಆಧಾರಪಟ್ಟಿಯನ್ನು ಮೊದಲ ಮಹಾಯುದ್ಧದಲ್ಲಿ ಬಳಸಲು ಶುರುಮಾಡಿದ ಮೇಲೆ ತೊಡೆ ಮುರಿದ ಸೈನಿಕರ ಸಾವಿನ ಪ್ರಮಾಣ ಶೇ. 80ರಿಂದ ಸುಮಾರು 20ಕ್ಕೆ ಇಳಿಯಿತೆಂಬುದು ಕಾಲನ್ನು ಅಲುಗಾಡದಂತೆ ಇಡುವುದರ ಮಹತ್ವಕ್ಕೆ ಸಾಕ್ಷಿ. ಅರಿವಳಿಕೆ ಕೊಡಬೇಕಾಗಬಹುದಾದ್ದರಿಂದ ಆಸ್ಪತ್ರೆ ತಲುಪುವವರೆಗೆ ಊಟ, ನೀರು ಕೊಡಬಾರದು. 2008ರಿಂದ ರಾಜ್ಯದಲ್ಲಿ ಓಡುತ್ತಿರುವ 108 ಆರೋಗ್ಯ ಕವಚ ಆಂಬುಲೆನ್ಸ್‌ಗೆ ಕರೆ ಮಾಡುವುದು ಮೊದಲ ಕೆಲಸ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು ಪೀಡಿಸುವಂತಿಲ್ಲವೆಂದು ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಣೆ ಕೊಟ್ಟಿದೆ. ರಸ್ತೆ ಅಪಘಾತವಾದರೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಜಾರಿಗೆ ಬಂದಿದೆ.

ಮೂಳೆ ಮುರಿದರೆ ಆಸ್ಪತ್ರೆಗಿಂತ ಮೊದಲು ಕಟ್ಟು ಕಟ್ಟುವವರ ನೆನಪಾಗುವುದು ಈ ಭಾಗದ ಜನರಿಗೆ ಸಹಜ. ಊರೂರಿನ ನಾಟಿ ವೈದ್ಯರಲ್ಲದೆ ಆಂಧ್ರದ ಪುತ್ತೂರಿನ ಕಟ್ಟಿನ ಹೆಸರೂ ಬಳ್ಳಾರಿಯಲ್ಲಿ ಮನೆಮಾತು. ಈ ಪರಂಪರೆಯನ್ನು ಹೀಗಳೆಯಬೇಕಾಗಿಲ್ಲ. ಸುಶ್ರುತ ಸಂಹಿತೆಯಲ್ಲಿ ಉದ್ದಮೂಳೆಯ ಮುರಿತಗಳನ್ನು ಕಾಂಡಭಗ್ನವೆಂದು ಕರೆದು 12 ಬಗೆಯಾಗಿ ವಿಂಗಡಿಸಿದ್ದಾರೆ, ಕಾಲು ಮುರಿದವರನ್ನು ಮಲಗಿಸಿ ಅಲುಗದಂತೆ ಗೂಟ ಹಾಕುವ ಹಲಗೆಯ ಹಾಸಿಗೆಗೆ ಕಪಾಟಶಯನವೆಂಬ ಹೆಸರಿದೆ, ಎಳೆವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡುವ ಮೂಳೆ ನಡುವಯಸ್ಸಿನಲ್ಲಿ ಅದರ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಕಾಲ ಬೇಡುತ್ತದೆಂಬ ಮಾತೂ ಇದೆ. ಕಟ್ಟು ಬಿಗಿಯಾದರೆ ಊತ, ನೋವು, ಕೀವು ಬರುತ್ತದೆಂಬ ಎಚ್ಚರಿಕೆಯನ್ನೂ ಅದೇ ಗ್ರಂಥ ಕೊಟ್ಟಿದೆ. ಇಂದಿನ ತೊಂದರೆ ಇರುವುದು ಆ ಕೊನೆಯ ಎಚ್ಚರಿಕೆಯನ್ನು ಮರೆತಲ್ಲಿ. ಬಿದಿರಿನ ದಬ್ಬೆಯಿಟ್ಟು ಬಿಗಿದ ಕಟ್ಟಿನೊಳಗೆ ಊತ ಏರಿ ರಕ್ತದ ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸಾಯತೊಡಗುತ್ತವೆ, ತಡವಾದರೆ ಕಾಲು ಕೊಳೆತು ಕತ್ತರಿಸಬೇಕಾದ ದುಃಸ್ಥಿತಿ ಬರುತ್ತದೆ. ಯಾರೇ ಕಟ್ಟಿದ ಕಟ್ಟಾಗಲಿ, ಮಗುವಿನ ಕಾಲ್ಬೆರಳು ನೀಲಿಗಟ್ಟಿದರೆ, ತಣ್ಣಗಾದರೆ, ಬೆರಳು ಅಲುಗಿಸಿದಾಗ ಚೀರುವಷ್ಟು ನೋವಾದರೆ ಆ ಕ್ಷಣವೇ ಕಟ್ಟನ್ನು ಬಿಚ್ಚಬೇಕು.

ಸಿರುಗುಪ್ಪದಿಂದ ಸುಮಾರು 55 ಕಿಲೋಮೀಟರ್, ಕುರುಗೋಡಿನಿಂದ ಸುಮಾರು 30 ಕಿಲೋಮೀಟರ್ ಬಂದರೆ, 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಆರಂಭವಾಗಿ ಜನರ ಬಾಯಲ್ಲಿ ವಿಮ್ಸ್ ಎಂದೇ ನಿಂತಿರುವ ಬಳ್ಳಾರಿಯ ಬೋಧನಾ ಆಸ್ಪತ್ರೆ ಸಿಗುತ್ತದೆ. ರಾಯಚೂರು, ಕೊಪ್ಪಳ, ಗಡಿಯಾಚೆಯ ಆಂಧ್ರದ ಹಳ್ಳಿಗಳವರಿಗೂ ಅದೇ ದಿಕ್ಕು. ಚಿಕಿತ್ಸೆಯನ್ನು ನಿರ್ಧರಿಸುವುದು ಮುಖ್ಯವಾಗಿ ವಯಸ್ಸು. ಆರು ತಿಂಗಳೊಳಗಿನ ಕೂಸಿಗೆ ಬಟ್ಟೆಯ ಪಟ್ಟಿಗಳ ಆಧಾರವೇ ಸಾಕು. ಆರು ತಿಂಗಳಿನಿಂದ ಐದು ವರ್ಷದವರೆಗೆ ಎದೆಯ ಕೆಳಗಿನಿಂದ ಕಾಲಿನವರೆಗೆ ಹಾಕುವ ಪ್ಲಾಸ್ಟರ್ ಕಟ್ಟು, ಜನರ ಮಾತಿನಲ್ಲಿ ಸಿಮೆಂಟ್ ಕಟ್ಟು, ಒಳ್ಳೆಯ ಫಲ ಕೊಡುತ್ತದೆ. ಐದರಿಂದ ಹನ್ನೊಂದು ವರ್ಷದವರಿಗೆ ಫ್ರಾನ್ಸಿನ ನ್ಯಾನ್ಸಿ ನಗರದ ತಜ್ಞರು 1980ರ ಸುಮಾರಿಗೆ ರೂಢಿಗೆ ತಂದ, ಬಾಗುವ ಗುಣದ ಎರಡು ತೆಳು ಟೈಟೇನಿಯಂ ಕಡ್ಡಿಗಳನ್ನು ಬೆಳವಣಿಗೆಯ ಪದರವನ್ನು ಮುಟ್ಟದೆ ಮೂಳೆಯೊಳಗೆ ತೂರಿಸುತ್ತಾರೆ. ರಾಡು ಹಾಕಿದ್ದಾರೆಂದು ಮನೆಯವರು ಹೇಳುವುದು ಇದನ್ನೇ. ಇದರಿಂದ ಮಗು ಕೆಲವೇ ದಿನಗಳಲ್ಲಿ ಹಾಸಿಗೆ ಬಿಟ್ಟು ಏಳುತ್ತದೆ. ಇನ್ನೂ ದೊಡ್ಡವರಿಗೆ ಮತ್ತು ಮೈತೂಕ ಹೆಚ್ಚಿರುವವರಿಗೆ ಗಟ್ಟಿ ರಾಡು ಅಥವಾ ಲೋಹದ ಪಟ್ಟಿ ಬೇಕು.

ಬಳ್ಳಾರಿಯ ಬೇಸಿಗೆಯಲ್ಲಿ ಆ ಸಿಮೆಂಟ್ ಕಟ್ಟಿನೊಳಗಿನ ಮಗುವನ್ನು ಆರು ವಾರ ನೋಡಿಕೊಳ್ಳುವ ಕಷ್ಟ ಬಹುಪಾಲು ತಾಯಿಯ ಮೇಲೆ ಬೀಳುತ್ತದೆ, ಮತ್ತು ಆಸ್ಪತ್ರೆಯಿಂದ ಹೊರಡುವಾಗ ಅವಳಿಗೆ ಹೇಳಿಕೊಡುವ ಮಾತು ಸಾಮಾನ್ಯವಾಗಿ ತೀರಾ ಕಡಿಮೆ. ಮಲಮೂತ್ರದಿಂದ ಕಟ್ಟು ನೆನೆಯದಂತೆ ಅಂಚಿನಲ್ಲಿ ಪ್ಲಾಸ್ಟಿಕ್ ಹಾಳೆ ಸಿಕ್ಕಿಸಬೇಕು, ದಿನಕ್ಕೆ ಹಲವು ಸಲ ಮಗುವಿನ ಮಗ್ಗುಲು ಬದಲಿಸಬೇಕು, ತುರಿಕೆಯೆಂದು ಒಳಗೆ ಕಡ್ಡಿ ತೂರಿಸಬಾರದು, ಕಟ್ಟಿನೊಳಗಿಂದ ಕೆಟ್ಟ ವಾಸನೆ ಬಂದರೆ ತೋರಿಸಬೇಕು. ಕೂಲಿ ಬಿಟ್ಟು ಮನೆಯಲ್ಲಿ ಕೂರುವ ಆ ಆರು ವಾರಗಳ ಸಂಪಾದನೆಯ ನಷ್ಟವನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ; ಎಷ್ಟೋ ಮನೆಗಳು ಅರ್ಧಕ್ಕೇ ಕಟ್ಟು ಬಿಚ್ಚಿಸಲು ಇದೇ ಕಾರಣ.

ಮೂಳೆ ಕೂಡಿದ ಮೇಲೂ ಕೆಲಸ ಉಳಿದಿರುತ್ತದೆ. ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ಮುರಿದ ತೊಡೆಗೆ ರಕ್ತದ ಹರಿವು ಹೆಚ್ಚಿ, ಅದು ಇನ್ನೊಂದು ತೊಡೆಗಿಂತ ಸರಾಸರಿ ಒಂದು ಸೆಂಟಿಮೀಟರಿನಷ್ಟು ಹೆಚ್ಚು ಬೆಳೆಯುತ್ತದೆ. ಹೀಗಾಗಿ ಪ್ಲಾಸ್ಟರ್ ಹಾಕುವಾಗ ಮೂಳೆತುಂಡುಗಳು ತುಸು ಒಂದರ ಮೇಲೊಂದು ಏರಿ ಕೂತಿದ್ದರೂ ವೈದ್ಯರು ಗಾಬರಿಯಾಗುವುದಿಲ್ಲ, ಸ್ವಲ್ಪ ಬಾಗಿದ್ದರೂ ಬೆಳೆಯುತ್ತ ಸರಿಹೋಗುತ್ತದೆ, ಆದರೆ ಪಾದ ಒಳಕ್ಕೋ ಹೊರಕ್ಕೋ ತಿರುಗಿಕೊಂಡು ಕೂಡಿದ್ದರೆ ಅದು ತಾನಾಗಿ ನೆಟ್ಟಗಾಗುವುದು ಕಡಿಮೆ. ನಡುದಂಡ ಮುರಿದ ಮಗುವಿನ ಎರಡೂ ಕಾಲುಗಳ ಉದ್ದವನ್ನು ಕನಿಷ್ಠ ಎರಡು ವರ್ಷ ಅಳೆಯುತ್ತಿರಬೇಕು. ಮೊಣಕಾಲಿನ ಬಳಿಯ ಬೆಳವಣಿಗೆಯ ಪದರಕ್ಕೆ ಪೆಟ್ಟಾಗಿದ್ದರಂತೂ, ಹುಡುಗಿಯರಲ್ಲಿ ಸುಮಾರು 14 ಮತ್ತು ಹುಡುಗರಲ್ಲಿ ಸುಮಾರು 16ನೇ ವಯಸ್ಸಿಗೆ ಬೆಳವಣಿಗೆ ನಿಲ್ಲುವವರೆಗೂ ಆರು ತಿಂಗಳಿಗೊಮ್ಮೆ ಎಕ್ಸ್‌ರೇ ತೆಗೆಸಿ ನೋಡಬೇಕು, ಏಕೆಂದರೆ ಸೊಟ್ಟ ಬೆಳೆಯಲು ಶುರುವಾದದ್ದನ್ನು ಮೊದಲ ವರ್ಷದಲ್ಲೇ ಗುರುತಿಸಿದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುತ್ತದೆ, ಐದು ವರ್ಷ ಬಿಟ್ಟು ಬಂದರೆ ಮೂಳೆಯನ್ನು ಮತ್ತೆ ಕತ್ತರಿಸಿ ಉದ್ದ ಮಾಡಬೇಕಾಗುತ್ತದೆ. ಮಗು ಓಡಾಡತೊಡಗಿದ ಮೇಲೆ ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಂಡು ಬಳ್ಳಾರಿಗೆ ಬರುವುದು ಹಳ್ಳಿಯ ಕುಟುಂಬಕ್ಕೆ ಸುಲಭವಲ್ಲ; ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಕುರುಗೋಡಿನ ಸರ್ಕಾರಿ ಆಸ್ಪತ್ರೆಯಲ್ಲಿಯೂ ತಿಂಗಳಿಗೊಂದು ದಿನ ಮೂಳೆತಜ್ಞರು ಕುಳಿತು ಇಂಥ ಮಕ್ಕಳ ಕಾಲಿನ ಉದ್ದ ಅಳೆದು ಬರೆದಿಡುವ ವ್ಯವಸ್ಥೆಯಾದರೆ, ಅದಕ್ಕೆ ಬೇಕಾಗುವುದು ಒಂದು ಅಳತೆಪಟ್ಟಿ, ಒಂದು ಎಕ್ಸ್‌ರೇ ಯಂತ್ರ ಮತ್ತು ಮಗು ಯಾವಾಗ, ಹೇಗೆ ಬಿದ್ದಿತೆಂದು ಬರೆದಿಟ್ಟ ಒಂದು ಚೀಟಿ ಮಾತ್ರ.